ಫೈಬರ್ ಗೋಡೆಯೊಳಗಿನ ನೀರು

ಶನಿವಾರ, ೧೪ ಜೂನ್. ಚಾಮರಾಜಪೇಟೆ

ಲೋಕವೇ ಕೇಳು! ಕಾರಿನ ಹಿಂದೆ ಎಳೆದೊಯ್ಯುವ ನಮ್ಮ ಕ್ಯಾರವಾನಿನ ಹೊರಮೈಗೆ ಅಲ್ಯೂಮಿನಿಯಮ್ಮೋ ಫೈಬರ್ರೋ ಎಂಬ ಮಹಾಪ್ರಶ್ನೆ ಇಂದು ಇತ್ಯರ್ಥವಾಯಿತು.

ಹಳೆಯ ಫೈಬರ್ ಮೈ ಥಳಥಳಿಸುತ್ತಲೇ ಇತ್ತು. ಬಾಡಿ ಕಟ್ಟುವ ಮರಿಯಣ್ಣ ತಟ್ಟಿ ನೋಡಿ ನಗು ನಿಲ್ಲಿಸಿದ.

“ಇಲ್ಲಿ ಮೊಳೆ ಯಾರ್ ಹೊಡ್ದಿದ್ದು ಸಾರ್?”

“ನಾನೇ ಕಣಪ್ಪ, ದೃಷ್ಟಿಗೊಂಬೆ ಕಟ್ಟೋಕೆ,” ಎಂದರು ನಮ್ಮತ್ತೆ.

ಆ ತೂತಿನಿಂದ ಎರಡು ಮಳೆಗಾಲದ ನೀರು ಇಳಿದಿದೆ. ಒಳಗಿನ ಪ್ಲೈವುಡ್ ಒತ್ತಿದರೆ ಬೆರಳು ಸಲೀಸಾಗಿ ಒಳಹೋಯಿತು.

“ಒಳಗೆ ಕೊಳೆತ್ರೂ ಫೈಬರ್ ಬಾಯಿ ಬಿಡಲ್ಲ ಸಾರ್. ಅಲ್ಯೂಮಿನಿಯಂ ಆದ್ರೆ ಒಂದೊಂದೇ ಶೀಟ್ ಬಿಚ್ಚಿ ನೋಡ್ಬೋದು.”

ಅಲ್ಯೂಮಿನಿಯಂ ಎಂದೆ. ಶೀಟು ಬರಲು ವಾರ ಬೇಕು. ಅಲ್ಲಿಯವರೆಗೆ ಆ ಕೊಳೆತ ಗೋಡೆಯೇ ಕ್ಯಾರವಾನಿನೊಳಗಿನ ಮೇಲಿನ ಮಂಚವನ್ನು ಹೊತ್ತಿರಬೇಕು. ಅದರ ಕೆಳಗೇ ದಿನವೂ ಅತ್ತೆಯ ಮಧ್ಯಾಹ್ನದ ನಿದ್ದೆ. ಬೇಡವೆಂದರೆ, “ಗೊಂಬೆ ಇದೆಯಲ್ಲ, ಏನಾಗಲ್ಲ ಬಿಡಿ,” ಎನ್ನುತ್ತಾರೆ. ಸಂಜೆ ಯಾರೂ ಮುಟ್ಟದಿದ್ದರೂ ಗೋಡೆ ಒಮ್ಮೆ ಲಟಕ್ಕೆಂದಿತು.

ಯಶಶ್ರೀ, ಗಂಡನ ದಿನಚರಿ ಕದ್ದು ಓದುವವಳೇ, ಬೆಳಿಗ್ಗೆ ಎದ್ದಕೂಡಲೇ ಕ್ಯಾರವಾನಿನ ಬೀಗದಕೈ ಬಚ್ಚಿಡು.