ಭಾಗಮ್ಮನಿಗೆ ಉಳಿದ ಒಂದೇ ಮಾತು

ಬಸವಕಲ್ಯಾಣ
೧೮ ನವೆಂಬರ್ ೨೦೨೪

ನನ್ನ ಸುವಾರ್ತಾಳಿಗೆ,

ಪ್ರಭುವಿನ ಸಮಾಧಾನ ನಿನ್ನ ಮನೆಯ ಮೇಲಿರಲಿ.

ನೀನು ಫೋನ್ ಎತ್ತುತ್ತಿಲ್ಲ. ಎತ್ತಿದ್ದರೂ ಇಷ್ಟೆಲ್ಲ ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ. "ಅಕ್ಕನ ಕೊಂದಾಕಿಗಿ ನೀ ಗಂಜಿ ಕುಡಸಾಕತ್ತಿ" ಎಂದು ಕಳಿಸಿದ್ದೆಯಲ್ಲ, ಆ ಮೆಸೇಜನ್ನು ಮೊಮ್ಮಗಳು ಎಸ್ತೇರ ನೋಡುವ ಮೊದಲೇ ಅಳಿಸಿಹಾಕಿದೆ. ಸಿಟ್ಟಿನಿಂದಲ್ಲ, ತಾಯಿ. ಹೋದ ತಿಂಗಳವರೆಗೆ ನನ್ನ ಬಾಯಲ್ಲೂ ಅದೇ ಮಾತಿತ್ತು.

ಮೊಮ್ಮಗಳನ್ನು ಕರೆದುಕೊಂಡು ಬಂದುಬಿಡುತ್ತೇನೆಂದು ಹೇಳಿಯೇ ನಾನು ಹುಮನಾಬಾದ ಬಿಟ್ಟದ್ದು. ನಿನ್ನ ಅಕ್ಕನ ಅತ್ತೆ ಭಾಗಮ್ಮ ಲಕ್ವ ಹೊಡೆದು ಬಿದ್ದಿದ್ದಾಳೆಂದು ಪಕ್ಕದ ಮನೆಯ ವಜೀರಬಿ ಫೋನ್ ಮಾಡಿದ್ದಳು. ಬಲಗೈ ಬಲಗಾಲು ಹೋಗಿವೆ, ಮಾತೂ ಹೋಗಿದೆ. ನಿನ್ನ ಭಾವ ಸ್ವಪ್ನಿಲ ಪುಣೆಯಲ್ಲಿ ಲಾರಿ ಓಡಿಸುವವನು, ಯಾವಾಗಲೋ ಒಮ್ಮೆ ಬರುತ್ತಾನೆ. "ಹುಡುಗಿ ಸಾಲಿ ಬಿಟ್ಟು ಅಜ್ಜಿಗಿ ಎತ್ತಿ ಕೂಡಸಾಕತ್ತಾಳ್ರಿ, ಹತ್ತನೇ ಕ್ಲಾಸ್ ಐತಿ, ನೀವರ ಬರ್ರಿ" ಎಂದಳು. ಬಸ್ಸಿನಲ್ಲಿ ಕೂತಾಗ ನನ್ನ ಮನಸ್ಸಿನಲ್ಲಿ ಕನಿಕರವಿರಲಿಲ್ಲ. ದೇವರು ಕಡೆಗೂ ನ್ಯಾಯ ಮಾಡಿದ, ಕಣ್ಣಾರೆ ನೋಡಿ ಬರೋಣ ಅಂದುಕೊಂಡಿದ್ದೆ.

ನಿನ್ನ ಅಕ್ಕ ವಿದ್ಯಾವತಿಗೆ ಜ್ವರ ಬಂದಾಗ ಎಸ್ತೇರ ಇನ್ನೂ ಅಂಗಳದಲ್ಲಿ ಆಡುವ ಕೂಸು. ಆಗ ಯಾರೋ ಒಬ್ಬ ಪ್ರಾರ್ಥನೆಯವನು ಈ ಓಣಿಗೆ ಬಂದಿದ್ದನಂತೆ. ನಂಬಿಕೆ ಇದ್ದವರಿಗೆ ದವಾಖಾನೆ ಬೇಡ ಎಂದು ಅವನು ಹೇಳಿದ, ಭಾಗಮ್ಮ ನಂಬಿದಳು. ಉಪವಾಸವಿದ್ದು, ಸೊಸೆಯ ತಲೆಯ ಮೇಲೆ ಕೈಯಿಟ್ಟು ಕೂತಳು. ಮೈಮೇಲೆ ಕೆಂಪು ಗುಳ್ಳೆ ಎದ್ದ ಮೇಲೆ ಜೀಪು ಬಂತು. ಕಲಬುರಗಿ ದವಾಖಾನೆಗೆಂದು ಹೊರಟ ಆ ಜೀಪು ನಮ್ಮ ಮನೆಯ ಮುಂದೆ ನಿಂತಾಗ ಒಳಗಿದ್ದದ್ದೇನೆಂದು ನೀನೂ ನೋಡಿದ್ದೀ. ಅವತ್ತಿನಿಂದ ಪ್ರಾರ್ಥನೆ ಎಂದರೆ ನನಗೆ ಮೈ ಉರಿಯುತ್ತಿತ್ತು. ಮಣ್ಣು ಕೊಡಲು ಬಂದ ಭಾಗಮ್ಮನನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದೆ.

ನಾನು ಇಲ್ಲಿಗೆ ಬಂದ ಸಂಜೆ ಎಸ್ತೇರಳಿಗೆ ಬಟ್ಟೆ ಕಟ್ಟಿಕೋ ಎಂದೆ. ಅಷ್ಟರಲ್ಲಿ ಒಳಗಿನ ಮಂಚದಿಂದ "ವಿದ್ಯಾ" ಎಂದು ಕೂಗು ಕೇಳಿಸಿತು. ನಾನು ಥಟ್ಟನೆ ತಿರುಗಿ ನೋಡಿದೆ. ಎಸ್ತೇರ ಮಾತ್ರ ದಿನದ ಸಂಗತಿಯೆಂಬಂತೆ ಲೋಟ ಹಿಡಿದು ಎದ್ದಳು. "ಆಯಿಗಿ ಅದೊಂದೇ ಮಾತ ಉಳದದ. ನೀರ ಬೇಕಂದ್ರೂ ವಿದ್ಯಾ, ಕಾಲ ನೋಯ್ತಂದ್ರೂ ವಿದ್ಯಾ. ವಜೀರಬಿ ಖಾಲಾಗೂ ಹಂಗೇ ಕರೀತಾಳ" ಎಂದಳು.

ನನ್ನ ಮಗಳ ಹೆಸರನ್ನು ಆ ಬಾಯಿ ಹೇಗೆ ಹಿಡಿದುಕೊಂಡಿದೆ ಎಂದು ಸಂಕಟಪಟ್ಟು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತೆ. ಅಜ್ಜಿಯನ್ನು ಬಿಟ್ಟು ಹೊರಡಲು ಎಸ್ತೇರ ಒಪ್ಪಲಿಲ್ಲ, ನಾನು ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ.

ಮೂರನೆಯ ದಿನ ಎಸ್ತೇರ ಶಾಲೆಗೆ ಹೋಗಿದ್ದಳು, ವಜೀರಬಿ ಬಜಾರಕ್ಕೆ. ಮಂಚದಿಂದ ಕೂಗು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಹಾಸಿಗೆಯೆಲ್ಲ ಒದ್ದೆ. ನನ್ನನ್ನು ಕಂಡದ್ದೇ ಆಕೆ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಬೇರೆ ಯಾರೂ ಇರಲಿಲ್ಲ. ಬಿಸಿನೀರು ತಂದು ಒರೆಸಿದೆ, ಸೀರೆ ಬದಲಿಸಿದೆ. ಆಮೇಲೆ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಭಾಗಮ್ಮ, ನನ್ನ ಮಗಳಿಗಿ ದವಾಖಾನಿಗಿ ಯಾಕ ಒಯ್ಯಲಿಲ್ಲ?"

ಆಕೆ ತುಟಿ ಎಳೆದಾಡಿ "ವಿದ್ಯಾ" ಎಂದಳು.

ಮತ್ತೊಮ್ಮೆ ಕೇಳಿದೆ. ಮತ್ತೆ ಅದೇ. ಎಡಗೈಯಿಂದ ನನ್ನ ಸೆರಗು ಹಿಡಿದು, ಕಣ್ಣೀರು ಕಿವಿಗೆ ಇಳಿಯುತ್ತಿದ್ದರೂ ಅದನ್ನೇ ಹೇಳುತ್ತಿದ್ದಳು. ನಾನು ಕಾದಿದ್ದ ಉತ್ತರ ಆಕೆಯಲ್ಲಿ ಇನ್ನಿಲ್ಲ, ಸುವಾರ್ತಾ. ಇದ್ದದ್ದು ಆ ಹೆಸರೊಂದೇ. ಲೋಕದಲ್ಲಿ ನನ್ನ ಮಗಳ ಹೆಸರನ್ನು ಇಷ್ಟು ಸಲ ಕರೆಯುವವರು ಬೇರೆ ಯಾರಿದ್ದಾರೆ? ನಾನು ಆ ಹೆಸರೆತ್ತಿದಾಗಲೆಲ್ಲ ಜೊತೆಗೊಂದು ಶಾಪವಿರುತ್ತಿತ್ತು.

ಮಂಚದ ಪಕ್ಕ ನೆಲದ ಮೇಲೆ ಕೂತೆ. ಪ್ರಾರ್ಥನೆಗೆ ಮಾತು ಬರಲಿಲ್ಲ. "ನನ್ನಿಂದ ಆಗಂಗಿಲ್ಲ ಪ್ರಭು, ನೀನೇ ಮಾಡು" ಎಂದಷ್ಟೇ ಅಂದೆ. ಅದೂ ಪ್ರಾರ್ಥನೆಯೇ ಎಂದು ಆಮೇಲೆ ತಿಳಿಯಿತು. ಆಕೆ ಮತ್ತೆ "ವಿದ್ಯಾ" ಎಂದಳು. "ಇಲ್ಲೇ ಇದ್ದೀನಿ" ಎಂದೆ.

ನಾನು ಎಲ್ಲ ಮರೆತೆ ಎಂದುಕೊಳ್ಳಬೇಡ. ಆಕೆ ಮಾಡಿದ್ದು ತಪ್ಪೇ, ಅದನ್ನು ಸರಿ ಎಂದು ನಾನೆಂದೂ ಹೇಳಲಾರೆ. ಕೆಲವು ಬೆಳಿಗ್ಗೆ ಆಕೆಯ ಬಾಯಿಗೆ ನುಚ್ಚು ಇಡುವಾಗ ಹಳೆಯ ಸಿಟ್ಟು ಮರಳಿ ಬರುತ್ತದೆ. ಚಮಚ ಕೆಳಗಿಟ್ಟು, ತುಸು ಹೊರಗೆ ನಿಂತು ಬಂದು ಮತ್ತೆ ತಿನ್ನಿಸುತ್ತೇನೆ. ನಿನ್ನಿಂದ ಇದನ್ನು ಕೇಳುವ ಹಕ್ಕು ನನಗಿಲ್ಲ. ನಿನಗೆ ದ್ವೇಷ ಕಲಿಸಿದವಳೇ ನಾನು.

ಎಸ್ತೇರಳ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಮಧ್ಯಾಹ್ನ ವಜೀರಬಿ ಬಂದು ಕೂರುತ್ತಾಳೆ, ಇಬ್ಬರೂ ಸೇರಿ ಭಾಗಮ್ಮನನ್ನು ಬಿಸಿಲಿಗೆ ತರುತ್ತೇವೆ. ನನ್ನ ಉಣ್ಣೆಯ ಶಾಲು ಯಾರಾದರೂ ಬರುವವರ ಕೈಯಲ್ಲಿ ಕಳಿಸು, ಇಲ್ಲಿ ಬೆಳಗಿನ ಥಂಡಿ ಜಾಸ್ತಿ. ನೀನೇ ತಂದರೆ ಇನ್ನೂ ಸಂತೋಷ. ಎಸ್ತೇರ ನಕ್ಕರೆ ಥೇಟ್ ಅಕ್ಕನ ಹಾಗೆ. ಬಂದು ನೋಡಬಾರದೇ?

ನಿನ್ನ ಅವ್ವ,
ಕಮಳಾಬಾಯಿ

ತಾ.ಕ.: ನಮ್ಮ ಹುಮನಾಬಾದಿನ ಚರ್ಚಿನಲ್ಲಿ ಪ್ರಭು ಭೋಜನದ ದಿನ ಎಲ್ಲರೂ ರೊಟ್ಟಿಗಾಗಿ ಮುಂದೆ ಹೋಗಿ ಮೊಣಕಾಲೂರುವಾಗ, ಮೊಣಕಾಲು ನೋವೆಂದು ನಾನು ಬೆಂಚು ಬಿಟ್ಟು ಏಳುತ್ತಿರಲಿಲ್ಲ, ಮನೆಗೆ ಬಂದ ಮೇಲೆ ನೀನು ಎಣ್ಣೆ ಕಾಯಿಸಿ ತಿಕ್ಕುತ್ತಿದ್ದೆ. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ, ತಾಯಿ. ಹಗೆ ಇಟ್ಟುಕೊಂಡು ಆ ರೊಟ್ಟಿಗೆ ಕೈಚಾಚಲು ಹೆದರುತ್ತಿದ್ದೆ. ಹೋದ ಭಾನುವಾರ ಇಲ್ಲಿಯ ಚರ್ಚಿನಲ್ಲಿ ಎದ್ದು ಹೋಗಿ ಮೊಣಕಾಲೂರಿದೆ.