ನಾನು ಇಳಿಸಿದ ಅಂಕಿ

ಬಿಳಿಗೆರೆ
೧೬ ಜೂನ್ ೨೦೨೪

ಪ್ರೀತಿಯ ನಾದಿನಿ ಸುಷ್ಮಿತಾಳಿಗೆ,

ನನ್ನ ಫೋನು ನೀನು ಎತ್ತುತ್ತಿಲ್ಲ. ಎತ್ತಬೇಡ. ಈ ಕಾಗದವನ್ನಾದರೂ ಹರಿದುಹಾಕುವ ಮೊದಲು ಒಂದು ಸಲ ಓದು. ನಿನ್ನ ಮಗಳು ಗೋಡೆ ಹಿಡಿಯದೆ ನಡೆಯುತ್ತಾಳಂತೆ, ಅತ್ತೆ ಹೇಳಿದರು. ನೋಡುವ ಆಸೆ. ನಿಮ್ಮೂರು ದಂಡಿನಶಿವರಕ್ಕೆ ಬರಲು ಮುಖವಿಲ್ಲ.

ನಿಮ್ಮಣ್ಣನ ಹನ್ನೊಂದನೇ ದಿನ ಎಲ್ಲರೆದುರು ನೀನು ಕೇಳಿದೆಯಲ್ಲ, 'ಇಳೀತಾ ಐತೆ ಇಳೀತಾ ಐತೆ ಅಂತಿದ್ರಲ್ಲ ಅತ್ತಿಗೆ, ಇಳೀತಿದ್ರೆ ನಮ್ಮಣ್ಣ ಯಾಕೆ ಹೋದ' ಅಂತ. ಆವತ್ತು ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಉತ್ತರ ಇಲ್ಲಿದೆ.

ಇಳಿಯುತ್ತಿರಲಿಲ್ಲ ಸುಷ್ಮಿತಾ. ಇಳಿಸುತ್ತಿದ್ದವಳು ನಾನು.

ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಕ್ರಿಯಾಟಿನಿನ್ ಹೇಳುತ್ತದಂತೆ. ಒಂದರ ಆಸುಪಾಸು ಇರಬೇಕಾದ್ದು ಮೊದಲ ಸಲವೇ ಮೂರು ಪಾಯಿಂಟ್ ಒಂಬತ್ತು ಬಂದಿತ್ತು. ಅಂಕಿ ಏರುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕಿಡ್ನಿ ಹೋಗಿರುತ್ತದೆ ಎಂದು ತಿಪಟೂರಿನ ಡಾಕ್ಟರು ಹೇಳಿದರು. ದಾರಿಯುದ್ದಕ್ಕೂ ನಿಮ್ಮಣ್ಣ ತಮಾಷೆ ಮಾಡಿಕೊಂಡೇ ಬಂದರು. 'ಕಾಯಿನ ಕಿವಿ ಹತ್ರ ಅಲ್ಲಾಡ್ಸಿದ್ರೆ ನೀರು ಐತೋ, ಕೊಬ್ಬರಿ ಆಗೈತೋ ಗೊತ್ತಾಯ್ತದೆ. ನಂದು ಗೊತ್ತಾಗಕ್ಕೆ ಸೂಜಿ ಬೇಕಾಯ್ತು ನೋಡು ಪುಷ್ಪಾ.' ಮನೆಗೆ ಬಂದ ಮೇಲೆ ಮಾತ್ರ ಮುದ್ದೆ ಮುರಿಯದೆ ತಟ್ಟೆ ಸರಿಸಿದರು. ಹದಿನೈದು ದಿನ ತೋಟದ ಕಡೆ ತಲೆ ಹಾಕಲಿಲ್ಲ.

ಎರಡನೇ ರಿಪೋರ್ಟು ತರಲು ನಾನೊಬ್ಬಳೇ ಹೋಗಿದ್ದೆ. ನಾಲ್ಕು ಪಾಯಿಂಟ್ ಎಂಟು. ನಾನು ಬಂದಾಗ ನಿಮ್ಮಣ್ಣ ಜಗುಲಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಇಂಗ್ಲಿಷಿನ ಇಪ್ಪತ್ತು ಸಾಲಿನಲ್ಲಿ ಯಾವುದು ಯಾವುದೆಂದು ಅವರಿಗೆ ತಿಳಿಯದು. ನನ್ನ ಬಾಯಿಗೆ ಮೂರು ಪಾಯಿಂಟ್ ಆರು ಎಂದು ಬಂದುಬಿಟ್ಟಿತು. ಆ ದಿನ ಅವರು ಎರಡು ಮುದ್ದೆ ಉಂಡರು ಕಣೇ. ಸಂಜೆ ಕಾಯಿ ಸುಲಿಯುತ್ತಾ ಅತ್ತೆಯನ್ನು ಗೇಲಿ ಮಾಡಿದರು. ಅದನ್ನು ನೋಡಿದ ಮೇಲೆ ನಿಜ ಹೇಳುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. ಐದು ಪಾಯಿಂಟ್ ಒಂಬತ್ತು ಬಂದಾಗ ಮೂರು ಪಾಯಿಂಟ್ ಎರಡು ಅಂದೆ.

'ಏರಿದರೆ ಹೇಳಿ, ನನ್ನದೊಂದು ಕಿಡ್ನಿ ಕೊಡುತ್ತೇನೆ' ಎಂದು ನೀನು ಹೇಳಿದ್ದೆ. ನಿನ್ನ ಜೊತೆ ಮಾತಾಡುವಾಗ ನಿಮ್ಮಣ್ಣ ಪಕ್ಕದಲ್ಲೇ ಇರುತ್ತಿದ್ದರು. ನಿನಗೂ ಫೋನಿನಲ್ಲಿ ಅದೇ ಸುಳ್ಳು ಹೇಳಿದೆ. ನಿನ್ನ ಕೋಪ ನ್ಯಾಯವಾದದ್ದು.

ಮಾರ್ಚಿನ ಒಂದು ಶನಿವಾರ ಏಳು ಪಾಯಿಂಟ್ ನಾಲ್ಕು ಬಂತು. ಸೋಮವಾರ ಕರೆದುಕೊಂಡು ಬಾ, ಡಯಾಲಿಸಿಸ್ ತಡಮಾಡುವ ಹಾಗಿಲ್ಲ ಅಂದರು ಡಾಕ್ಟರು. ನಿಮ್ಮಣ್ಣನಿಗೆ ಎರಡು ಪಾಯಿಂಟ್ ಒಂಬತ್ತು ಎಂದು ಹೇಳಿ, ಭಾನುವಾರ ರಾತ್ರಿ ಊಟವಾದ ಮೇಲೆ ನಿಜ ಹೇಳೋಣವೆಂದುಕೊಂಡೆ.

ಭಾನುವಾರ ಮಧ್ಯಾಹ್ನ ಅತ್ತೆ ಬಾವಿ ಪಕ್ಕದ ಎಳೆ ತೆಂಗಿನ ಮರದ ಮೊದಲ ಗೊನೆ ಇಳಿಸಿದರು. ನಿಮ್ಮಣ್ಣ ಹಾಕಿದ ಗಿಡ. ಹಾಕಿದವರೇ ಮೊದಲ ಎಳನೀರು ಕುಡಿಯಬೇಕು ಎಂಬ ನಿಮ್ಮ ಮನೆಯ ಪದ್ಧತಿ ನಿನಗೇ ಗೊತ್ತಲ್ಲ. ಎಳನೀರಿನ ಪೊಟ್ಯಾಸಿಯಂ ಅವರ ಕಿಡ್ನಿಯಿಂದ ಹೊರಗೆ ಹೋಗುವುದಿಲ್ಲ, ಎದೆಯೇ ನಿಂತುಬಿಡಬಹುದು ಎಂದು ಡಾಕ್ಟರು ಮೊದಲ ದಿನವೇ ನಮ್ಮಿಬ್ಬರಿಗೂ ಹೇಳಿದ್ದರು. ನಾನು ಬೇಡ ಎಂದು ಕೈ ಅಡ್ಡ ಹಿಡಿದೆ. ಅತ್ತೆ ನಕ್ಕರು. 'ಇಳೀತಾ ಐತೆ ಅಂತ ನೀನೇ ಅಂದ್ಯಲ್ಲವ್ವ. ಕುಡೀಲಿ ಬುಡು.'

ಸುಷ್ಮಿತಾ, ಆಗ ನಾನು ಕೈ ಇಳಿಸಿದೆ. ಬೇಡವೆನ್ನಲು ಕಾರಣ ಹೇಳಬೇಕಿತ್ತು. ಹೇಳಿದರೆ ಸುಳ್ಳೆಲ್ಲ ಅಲ್ಲೇ ಬಯಲಾಗುತ್ತಿತ್ತು. ನಿಮ್ಮಣ್ಣ ನನ್ನ ಮುಖ ಒಮ್ಮೆ ನೋಡಿ ಕುಡಿದರು. ಅತ್ತೆ ಇನ್ನೊಂದು ಕೆತ್ತಿಕೊಟ್ಟರು, ಅದನ್ನೂ ಕುಡಿದರು. ಸಂಜೆ ಕೈಕಾಲು ಸೋತಿತು ಅಂದರು. ಕಾರು ಆಸ್ಪತ್ರೆ ತಲುಪುವ ಮೊದಲೇ ನನ್ನ ತೊಡೆಯ ಮೇಲೆ ಹೋದರು.

ಈ ಕಾಗದವನ್ನು ಅತ್ತೆಗೆ ಮಾತ್ರ ಓದಿ ಹೇಳಬೇಡ. ಅವರು ಈಗಲೂ 'ಸಾಯೋ ದಿನ ಮಗ ನನ್ನ ಕೈಯ ಎಳನೀರು ಕುಡ್ದ' ಎಂದು ಬಂದವರಿಗೆಲ್ಲ ಹೇಳಿ ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಅವರಿಗಿರಲಿ. ತಪ್ಪು ನನ್ನದು. ಬೈಯಬೇಕೆನಿಸಿದರೆ ಫೋನು ಮಾಡಿ ಬೈಯಿ, ಕೇಳಿಸಿಕೊಳ್ಳುತ್ತೇನೆ.

ಇಂತಿ,
ನಿನ್ನ ಅತ್ತಿಗೆ
ಪುಷ್ಪಲತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನೆ ಕೊಬ್ಬರಿ ಇಳಿಸಲು ಅಟ್ಟ ಹತ್ತಿದ್ದೆ. ಅಟ್ಟಕ್ಕೆ ಕಾಯಿ ತುಂಬಿದ ದಿನವನ್ನು ನಿಮ್ಮಣ್ಣ ಇದ್ದಿಲಲ್ಲಿ ತೊಲೆಯ ಮೇಲೆ ಬರೆಯುತ್ತಿದ್ದರಲ್ಲ, ಅದರ ಕೆಳಗೆ ಅವರದೇ ಕೈಬರಹದಲ್ಲಿ ೩.೯, ೪.೮, ೫.೯, ೭.೪ ಎಂದಿತ್ತು. ಲ್ಯಾಬಿನ ಗಂಗಾಧರನನ್ನು ಕೇಳಿದೆ. ಪ್ರತಿ ಸಲವೂ ಅವರೇ ಫೋನು ಮಾಡಿ ತಿಳಿದುಕೊಳ್ಳುತ್ತಿದ್ದರಂತೆ. 'ನಾನು ಕೇಳ್ದೆ ಅಂತ ಅವಳಿಗೆ ಹೇಳಬ್ಯಾಡ ಕಣಪ್ಪ, ಪಾಪ, ಕಷ್ಟಪಟ್ಟು ಇಳಿಸ್ತಾವ್ಳೆ' ಎಂದಿದ್ದರಂತೆ. ೭.೪ರ ಪಕ್ಕದಲ್ಲಿ ಶನಿವಾರದ ತಾರೀಖು ಇದೆ. ಮಾರನೇ ದಿನ ಎಳನೀರು ಎತ್ತುವ ಮೊದಲು ಅವರು ನನ್ನನ್ನು ನೋಡಿದಾಗ, ಕುಡಿಯಲಾ ಎಂದು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ.