ಹಿಮಕ್ಕೆ ಇಟ್ಟ ಕುಂಕುಮ

ರಕ್ಷಿ,

ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ! ಇವರು ನನ್ನನ್ನು ಚನ್ನಪಟ್ಟಣದ ಹೈವೇ ಪಕ್ಕದ ಹೊಸ ಗೊಂಬೆ ಶೋರೂಮಿಗೆ ಕರೆದುಕೊಂಡು ಹೋಗಿದ್ದರು. ಎಷ್ಟು ಕುಣಿಯುತ್ತಾ ಹೋದೆ ಗೊತ್ತಾ! ಗಾಜಿನ ಕಪಾಟಿನಲ್ಲಿ ನಮ್ಮ ಸೈನಿಕರು ನಿಂತಿದ್ದರು. ಯುದ್ಧದಾಟದ ಗೊಂಬೆ ಸೆಟ್‌ಗೆಂದು ಬೇಸಿಗೆಯಿಡೀ ನಿಮ್ಮ ಜಗಲಿಯಲ್ಲಿ ನಾವಿಬ್ಬರೂ ಬಣ್ಣ ಹಚ್ಚಿದ್ದೆವಲ್ಲ, ಮಾಸ್ಕೋದಿಂದ ಹಿಮದಲ್ಲಿ ವಾಪಸಾಗುತ್ತಿದ್ದ ನೆಪೋಲಿಯನ್ನನ ಹೆಬ್ಬೆರಳುದ್ದದ ಸೈನಿಕರು, ಅವರೇ. ಕೆಳಗಿನ ಚೀಟಿಯಲ್ಲಿ ಬಣ್ಣ ಹಚ್ಚಿದವಳೆಂದು ನಿನ್ನೊಬ್ಬಳದೇ ಹೆಸರಿತ್ತು.

"ಇವ್ನ ಕಾಲತ್ರ ರಕ್ತ ನೋಡಿ ಮೇಡಂ," ಅಂದರು ಅಂಗಡಿಯವರು, ಒಬ್ಬ ಸೈನಿಕನನ್ನು ತೋರಿಸಿ. "ಗಾಯ ಆಗೈತೆ ಅಂತ ಆ ಹುಡ್ಗಿ ಹಿಮಾನೂ ಕೆಂಪು ಮಾಡವ್ಳೆ. ಅವ್ಳೇ ಹೇಳಿದ್ಳು."

ರಕ್ತವಂತೆ! ಫೆವಿಕಾಲ್ ಮೇಲೆ ಹಿಮವೆಂದು ರಂಗೋಲಿ ಪುಡಿ ಉದುರಿಸಿದವಳು ನಾನು. ಪೂಜೆ ಮುಗಿಸಿ ಕುಂಕುಮದ ಕೈಯಲ್ಲೇ ಬಂದವಳೂ ನಾನೇ. "ಹಿಮಕ್ಕೂ ಕುಂಕುಮ ಇಟ್ಬುಟ್ಯಲ್ಲೇ!" ಎಂದು ನೀನು ಬಿದ್ದು ಬಿದ್ದು ನಕ್ಕಿದ್ದೆ.

"ಯಾರು, ನಿಂಗೆ ಗೊತ್ತಾ?" ಎಂದು ಇವರು ಕೇಳಿದರು. ಗೊತ್ತಿಲ್ಲ ಅಂದೆ. ನಾನು ಅವನನ್ನೇ ನೋಡುತ್ತಿದ್ದೆನೆಂದು ಇವರು ಆ ಗಾಯಾಳುವನ್ನೇ ಕೊಡಿಸಿದರು. ಈಗ ನಮ್ಮ ಮದುವೆ ಫೋಟೋ ಪಕ್ಕದಲ್ಲಿದ್ದಾನೆ.

ಮೊದಲ ಲಗ್ನಪತ್ರಿಕೆ ನಿನಗೇ ಕೊಟ್ಟರೂ ನೀನು ಮದುವೆಗೆ ಯಾಕೆ ಬರಲಿಲ್ಲವೆಂದು ಇವತ್ತು ತಿಳಿಯಿತು. ಪತ್ರಿಕೆ ಕೊಟ್ಟ ದಿನ ನೀನು "ಒಸಿ ಕೇಳೇ" ಎಂದು ಎರಡು ಸಲ ಅಂದಿದ್ದೆ, ಆ ಚೀಟಿಯ ಸಂಗತಿ ಹೇಳಲೆಂದೇ ಇರಬೇಕು. ನಾನು ಸೀರೆಗಳ ಬಗ್ಗೆಯೇ ಹೇಳುತ್ತಿದ್ದೆ.

ಪ್ರತಿಮಾ